ಕಣ್ಣಿಗಂಟು

ಸೆರಗಿಗೂ ಶಲ್ಯಕ್ಕೂ ಗಂಟು ಹಾಕುವುದು
ಗಂಡಿನ ತಂಗಿಯ ಹಕ್ಕು.
ನನಗಾಗ ಒಂಬತ್ತು.
ಪಾಂಡವಪುರದ ಛತ್ರ. ಧಾರೆಯ ಹಾಲು
ಹಸೆಮಣೆಯಿಂದಿಳಿದು ನನ್ನ ಪಾದದವರೆಗೆ ಬಂದಿತ್ತು,
ಬೆರಳೆಲ್ಲ ಅಂಟಂಟು.

ಅಜ್ಜಿ ಕೈಗಿಟ್ಟಳು: ಅರಿಶಿನದ ಕೊಂಬು, ಅಡಿಕೆ,
ಐದು ಕಾಳು ಅಕ್ಕಿ, ಒಂದು ನಾಲ್ಕಾಣೆ.
"ಒಳಗಿಟ್ಟು ಕಟ್ಟು. ಯಾರೆಳುದ್ರೂ ಬಿಚ್ಕೋಬಾರ್ದು."
ನನಗೆ ಬರುತ್ತಿದ್ದದ್ದು ಒಂದೇ ಗಂಟು,
ಕರು ಕಟ್ಟುವ ಕಣ್ಣಿಯದು:
ಜಗ್ಗಿದಷ್ಟೂ ಬಿಗಿ,
ಹತ್ತಿರ ಬಂದು ನಿಂತರೆ ಸಡಿಲ.

ನಾಲ್ಕಾಣೆ ಒಳಗೆ ಹೋಗಲಿಲ್ಲ.
ಛತ್ರದ ಬಾಗಿಲಲ್ಲಿ ಐಸ್‌ಕ್ಯಾಂಡಿಯವನು
ಗಂಟೆ ಬಾರಿಸುತ್ತಿದ್ದ.
ಲಂಗದ ಜೇಬಲ್ಲಿ ಚೌಕಾಬಾರದ ಹುಣಸೆಬೀಜ,
ಅದನ್ನೇ ತುರುಕಿದೆ.
ಯಾರೂ ನೋಡಲಿಲ್ಲ, ವಾಲಗ ಜೋರಾಗಿತ್ತು.

ಆ ಗಂಟಿನಲ್ಲೇ ಚಪ್ಪರ ಸುತ್ತಿದರು,
ಭೂಮದೂಟಕ್ಕೆ ಒಂದೇ ಎಲೆಗೆ ಕೈಯಿಟ್ಟರು.
ಟೆಂಪೋಗೆ ಅಣ್ಣ ಮೊದಲು ಹಾರಿದ,
ಅತ್ತಿಗೆ ಮುಗ್ಗರಿಸಿದಳು;
ವಿ.ಸಿ. ನಾಲೆ ದಾಟುವವರೆಗೂ
ಇಬ್ಬರದೂ ಮಾತಿಲ್ಲ.

ಇವತ್ತು ಮಂಡ್ಯ ಕೋರ್ಟಿನ ಕಾರಿಡಾರು.
ಬೆಂಚಿನ ಆ ತುದಿಗೆ ಅಣ್ಣ, ಈ ತುದಿಗೆ ಅತ್ತಿಗೆ,
ನಡುವೆ ನಾನು, ನನ್ನ ವ್ಯಾನಿಟಿ ಬ್ಯಾಗು.
ವಕೀಲರು ಇನ್ನೂ ಬಂದಿಲ್ಲ.
ಬಾಯಿ ಜಾರಿತು:
"ಅತ್ತಿಗೆ, ಅವತ್ತು ನಾಲ್ಕಾಣೆ ಇಡಲಿಲ್ಲ ನಾನು."

ಅವಳು ತಿರುಗಲಿಲ್ಲ.
"ಗೊತ್ತು ಬುಡವ್ವ, ಹುಣಸೆಬೀಜ.
ಬಿಚ್ಚಕ್ಕಾಗ್ದೆ ನಿಮ್ಮಣ್ಣ ಹಲ್ಲಲ್ಲಿ ಕಚ್ಚಿ ಎಳುದ್ರು,
ಬೀಜ ಬಾಯಿಗೇ ಬಂತು.
ನಕ್ಕಿದ್ದೇ ನಕ್ಕಿದ್ದು, ಅತ್ತೆ ಬಂದು ಬಾಗ್ಲು ತಟ್ಟೋಗಂಟ."

ಆ ತುದಿಯಲ್ಲಿ ಪೇಪರು ಮಡಿಸುವ ಸದ್ದು.
"ಅರ್ಧ ಬೀಜ ಅದು," ಅಂದ ಅಣ್ಣ,
ಎದುರಿನ ಗೋಡೆಗೆ ಹೇಳುವ ಹಾಗೆ,
"ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿದ್ದು."

ಮತ್ತೆ ಯಾರೂ ಏನೂ ಅನ್ನಲಿಲ್ಲ.
ಫ್ಯಾನು ತಿರುಗುತ್ತಿತ್ತು,
ಟೀಯವನು ಖಾಲಿ ಲೋಟ ಎಣಿಸುತ್ತಿದ್ದ.

ಒಳಗಿಂದ ಜವಾನ ಕೂಗಿದ:
"ಚಿಕ್ಕತಾಯಮ್ಮ, ಕೋಂ ಚಲುವೇಗೌಡ!"
ಇಬ್ಬರೂ ಎದ್ದರು.
ಅವಳ ಸೆರಗು ನನ್ನ ಬ್ಯಾಗಿನಡಿ ಸಿಕ್ಕಿಕೊಂಡಿತ್ತು.
ಜಗ್ಗಲಿಲ್ಲ ಅವಳು,
ಒಂದು ಹೆಜ್ಜೆ ಹಿಂದಕ್ಕೆ ಬಂದಳು.
ಅಣ್ಣ ಬಾಗಿಲಲ್ಲಿ ನಿಂತಿದ್ದ.
ಎರಡನೇ ಕೂಗು:
ಚಿಕ್ಕತಾಯಮ್ಮ,
ಕೋಂ