ಏಳಡಿ ಕೊಳವೆ

ಮಂಡಕ್ಕಿ ಭಟ್ಟಿಯ ಹಿಂದಿನ ಮಾಳಿಗೆಯ ಮೇಲೆ
ಹಳೇ ಗೋಣಿತಾಟು ಹಾಸಿ
ಎಲ್ಲ ಬಿಚ್ಚಿ ಹರವಿದ್ದೇನೆ.
ಜಗಳೂರಿನ ಮರುಳಪ್ಪ ಕಿವಿಯ ತಮಟೆ ಹರಿದುಕೊಂಡು
ಮುಳುಗುವುದನ್ನೇ ಬಿಟ್ಟ. ಅವನ ಸಾಮಾನು, ಅರ್ಧ ಬೆಲೆ.
ಬೇಕಾದ್ದು ಇಟ್ಟುಕೋ, ಉಳಿದದ್ದು
ಸೋಮವಾರದ ಬಸ್ಸಿಗೆ ಹಾಕು, ಅಂದಿದ್ದಾನೆ.
ಅರ್ಧ ಬೆಲೆಯೂ
ಪಾಲಿಕೆಯ ಈಜುಕೊಳದಲ್ಲಿ ಮಕ್ಕಳಿಗೆ ಕಾಲು ಬಡಿಯಲು ಕಲಿಸುವವಳಿಗೆ
ಏಳು ತಿಂಗಳ ಸಂಬಳ.

ಗಾಳಿಯಲ್ಲಿ ಹೊಟ್ಟಿನ ಮಸಿ.
ರಬ್ಬರಿನ ಮೇಲೆ, ಗಾಜಿನ ಮೇಲೆ, ನನ್ನ ತುಟಿಯ ಮೇಲೆ.
ಕೆಳಗೆ ಚಮನ್‌ಬಿ ಕಾದ ಮರಳಿಗೆ ಅಕ್ಕಿ ಸುರಿದಾಗ
ನಿದ್ದೆ ಹೋದ ಓಣಿಯೊಂದು ಗಕ್ಕನೆ ಎದ್ದು ಕೂತ ಸದ್ದು.

ಮೊದಲು ಉಸಿರಿನ ವಿಚಾರ.
ಸಿಲಿಂಡರನ್ನು ಇಲ್ಲಿ ತುಂಬಿಸುವ ಹಾಗಿಲ್ಲ.
ಕಂಪ್ರೆಸರಿನ ಮೂಗು ಭಟ್ಟಿಯ ಕಡೆಗಿದ್ದರೆ
ಹೊಗೆಯನ್ನೂ ಅದು ಅಷ್ಟೇ ನಿಯತ್ತಿನಿಂದ ಒತ್ತಿ ತುಂಬುತ್ತದೆ.
ಇಲ್ಲಿ ಬರೀ ತಲೆನೋವಾಗುವುದು
ನಲವತ್ತೈದು ಮೀಟರಿನ ಕೆಳಗೆ
ನಿದ್ದೆಯಾಗುತ್ತದೆ.

ಹೊಳಲ್ಕೆರೆ ದಾರಿಯಲ್ಲಿ ಕಂಪನಿ ಬಿಟ್ಟುಹೋದ ಗಣಿಹೊಂಡ.
ಹಗ್ಗ ಬಿಟ್ಟವರಿದ್ದಾರೆ, ತಳ ಕಂಡವರಿಲ್ಲ.
ಅಡಿಯಲ್ಲೊಂದು ಲಾರಿ ಐತಿ ಅನ್ನುತ್ತಾರೆ,
ಲೋಡ್ ಸಮೇತ.
ಓಬಳೇಶ ಮತ್ತು ನಾನು, ಇಬ್ಬರೇ.

ಮರುಳಪ್ಪನ ಚಾಕು ಚಂದ, ಮೊಣಕಾಲಿಗೆ ಕಟ್ಟುವಂಥದ್ದು,
ಕನ್ನಡಿಯ ಹಾಗೆ ಮಿಂಚುತ್ತದೆ.
ಬೇಡ. ದಾರ ಸುತ್ತಿಕೊಂಡ ಕೈ ಮೊಣಕಾಲಿಗೆ ಎಟುಕುವುದಿಲ್ಲ.
ಚೀಲದ ಬಾಯಿಯ ಹುರಿ ಕೊಯ್ಯಲು
ಹಮಾಲರು ಬೆರಳಿಗೆ ಸಿಕ್ಕಿಸಿಕೊಳ್ಳುವ ಗೇಣಿಗೂ ಕಡಿಮೆ ಬ್ಲೇಡು,
ಅಂಥವು ಎರಡು,
ಒಂದು ಎದೆಪಟ್ಟಿಗೆ, ಒಂದು ಮುಂಗೈಗೆ.

ಕೊಂಡಿಗಳನ್ನೂ ಬಿಚ್ಚಿದೆ.
ಅವನು ಕಬ್ಬಿಣಕ್ಕೆ ಕಬ್ಬಿಣ ಕಟ್ಟಿದ್ದ, ಗಟ್ಟಿಯಿರಲಿ ಎಂದು.
ಗಟ್ಟಿಯಾದದ್ದು ಕಚ್ಚಿಕೊಂಡರೆ ಬಿಡಿಸುವವರಾರು?
ನಡುವೆ ಒಂದು ಎಳೆ ದಾರವಿರಬೇಕು,
ಕತ್ತರಿಸಿದರೆ ಹರಿಯುವಂಥದ್ದು.
ಇದನ್ನು ಯಾಕೋ ಎರಡು ಸಲ
ನನಗೇ ಹೇಳಿಕೊಂಡೆ.

ಜೋಡಿ ಸಿಲಿಂಡರು ಬೆನ್ನಿಗೇರಿಸಿ ಎದ್ದು ನಿಂತೆ.
ಕತ್ತಿನ ಹಿಂದಿನ ತಿರುಗಣಿ ಕೈಗೆ ಸಿಗಬೇಕು,
ಕಾಣದೆ, ಎಡವದೆ.
ಬೆನ್ನಗುಂಡಿಯ ರವಿಕೆ ತೊಟ್ಟ ವರ್ಷಗಳು
ಇಲ್ಲಿ ಉಪಯೋಗಕ್ಕೆ ಬಂದವು.
ಓಬಳೇಶನಿಗೆ ಇನ್ನೂ ಸಿಗುವುದಿಲ್ಲ,
ಗೋಡೆಗೆ ಬೆನ್ನು ತಿಕ್ಕುವ ಎಮ್ಮೆಯ ಹಾಗೆ ಒದ್ದಾಡುತ್ತಾನೆ.

ಆಳದ ಕೈಗಡಿಯಾರ, ಬಣ್ಣದ ಪರದೆ,
ಅದೇ ಎಲ್ಲಕ್ಕಿಂತ ದುಬಾರಿ.
ಬಹಳ ಹೊತ್ತು ಕಟ್ಟಿಕೊಂಡು ಕೂತಿದ್ದೆ.

ಹೊತ್ತು ಇಳಿದ ಮೇಲೆ ಚಮನ್‌ಬಿ ಬಂದಳು,
ಕೈತುಂಬ ಬಿಸಿ ಮಂಡಕ್ಕಿ, ರೆಪ್ಪೆಯ ಮೇಲೆ ಬೂದಿ.
“ಏನೇ ಕೊಟ್ರಿ, ಈ ಕೊಳವಿ ಯಾಕಿಷ್ಟುದ್ದ?
ಅದು ನೋಡು, ಗೇಣುದ್ದ.”

ಗೇಣುದ್ದದ್ದು ನನ್ನ ಗದ್ದದ ಕೆಳಗೆ ನೇತಾಡುತ್ತದೆ, ಅಂದೆ.
ಏಳಡಿಯದ್ದು ಬಾಯಲ್ಲಿರುತ್ತದೆ.
ಜೊತೆಯವನ ಗಾಳಿ ತೀರಿದರೆ
ಬಾಯಲ್ಲಿದ್ದದ್ದನ್ನೇ ತೆಗೆದು ಕೊಡಬೇಕು.
“ಬಾಯಾಗಿಂದಾ?”
ಹೌದು. ಅದು ನಡೆಯುತ್ತಿದೆ ಎಂಬುದೊಂದೇ ಖಾತ್ರಿ.
ಉಳಿದದ್ದೆಲ್ಲ ನಂಬಿಕೆ.

ಅವಳು ಯೋಚಿಸಿದಳು.
“ಎಂಜಲಾತಲ್ಲೇ,” ಅಂದು ನಕ್ಕಳು.
ಎರಡು ಮನೆಯ ನಡುವಿನ ಗೋಡೆಯ ಮೇಲೆ
ಮೂವತ್ತು ವರ್ಷ ಬಟ್ಟಲು ದಾಟಿಸುತ್ತ
ಬಟ್ಟಲು ತೊಳೆದೇ ಇಟ್ಟುಕೊಂಡ ನನ್ನಜ್ಜಿ
ನೆನಪಾದಳು. ಹೇಳಲಿಲ್ಲ.

ಮರುಳಪ್ಪ ತುಂಬಿಸಿದ ಹಳೇ ಗಾಳಿ
ನಲವತ್ತು ಬಾರ್ ಉಳಿದಿತ್ತು.
ಎಳಿ, ಅಂದೆ.
ಅವಳು ಕಚ್ಚಿ ಒಂದುಸಿರೆಳೆದು
ಕಣ್ಣರಳಿಸಿದಳು. “ತಣ್ಣಗದ.”
ಮೂವತ್ತು ವರ್ಷ ಹೊಗೆ ಕುಡಿದ ಎದೆ
ಇನ್ನೊಂದು ಎಳೆಯಿತು, ಇನ್ನೊಂದು.
ಮುಳ್ಳು ಒಂದು ಗೆರೆ ಕೆಳಗಿಳಿಯಿತು.

ಕೊಡುವಾಗ ಸೆರಗಿನಿಂದ ಒರೆಸಲು ಹೋದಳು.
ನಾನು ಕೈಚಾಚಿ ಹಾಗೆಯೇ ತೆಗೆದುಕೊಂಡು
ಬಾಯಿಗಿಟ್ಟುಕೊಂಡೆ.
ಉಪ್ಪು, ಬೂದಿ, ಹುರಿದ ಅಕ್ಕಿ.

ಕೊಳವೆ ಉಳಿಯಿತು.
ಗಡಿಯಾರ, ಚಾಕು, ಕಬ್ಬಿಣದ ಕೊಂಡಿ
ಸೋಮವಾರದ ಜಗಳೂರು ಬಸ್ಸಿಗೆ.