ಆರು (ಕ್ರಿ.)

ಸರಸ್ವತಿಪುರಂ ಎಂಟನೇ ಮೇನಿನ ಮಹಡಿಯಲ್ಲಿ
ಒಂದು ಮೇಜು, ಎರಡು ಕುರ್ಚಿ, ಮೂವತ್ತೇಳು ಷೂ ಡಬ್ಬ.
ಡಬ್ಬದ ತುಂಬ ಚೀಟಿ, ಚೀಟಿಗೊಂದು ಪದ.
ನಾನು ನಕಲು ತೆಗೆಯುವವಳು.
ಸ್ವರಗಳು ಮುಗಿಯುವವರೆಗೆ ನನಗೆ ಸಂಬಳ.

ಆ ಶುಕ್ರವಾರ ಕೈಗೆ ಬಂದದ್ದು ಆರು.
ಸಂಖ್ಯೆಯಲ್ಲ, ಅದಕ್ಕೆ ಬೇರೆ ಚೀಟಿ. ಇದು ಕ್ರಿಯಾಪದ.
ಒಂದು, ದೀಪ ಆರುವುದು. ಎರಡು, ಬಟ್ಟೆ ಆರುವುದು.
ಮೂರು, ಅನ್ನ ಆರುವುದು, ಮಗು ಉಣ್ಣುವಷ್ಟು.
ನಾಲ್ಕು, ಗಾಯ.
ಐದನೆಯದು ಪೆನ್ಸಿಲಿನಲ್ಲಿತ್ತು, ಯಾರ ಕೈಯೋ ಗೊತ್ತಿಲ್ಲ:
‘ಒಂದು ಜಾತಿಯ ಜೀವಿ, ವಸ್ತು, ಕಸುಬು
ಪೂರ್ತಿಯಾಗಿ ಇಲ್ಲವಾಗು.’
ಪ್ರಯೋಗ ಎಂಬಲ್ಲಿ ಖಾಲಿ.

ಗುಂಡಾಶೆಟ್ಟಿ ಮೇಷ್ಟ್ರು ಕನ್ನಡಕ ಹಣೆಗೇರಿಸಿದರು.
‘ಯಾರಾದರೂ ಹಾಗೆ ಅಂದದ್ದು ಕೇಳಿದ್ದೀಯೇನಮ್ಮ?
ಜನ ಆಡದ ಅರ್ಥಕ್ಕೆ ಅಚ್ಚುಮೊಳೆ ಯಾಕೆ ದಂಡ?
ಸೋಮವಾರದೊಳಗೆ ಆರಿಸು.’
ಹೆಕ್ಕುವುದೋ ನಂದಿಸುವುದೋ
ಕೇಳಲಿಲ್ಲ ನಾನು.

ಭಾನುವಾರ ಕೆರಗೋಡು ದಾಟಿ, ನಾಲೆ ಏರಿಯ ಮೇಲೆ ನಡೆದು
ಸೋದರತ್ತೆಯ ಊರಿನ ಆಲೆಮನೆಗೆ ಹೋದೆ.
ಒಲೆ ಮುಂದೆ ಕುಕ್ಕರಗಾಲಲ್ಲಿ ಜವರಪ್ಪ.
ಮೂರು ಮಕ್ಕಳು ಕೈಗೆ ಹತ್ತದೆ, ನಾಲ್ಕನೆಯವನಿಗೆ
ಯಮನ ಹೆಸರನ್ನೇ ಇಟ್ಟಳಂತೆ ಅವರವ್ವ,
ತನ್ನ ಹೆಸರಿನವನನ್ನು ಒಯ್ಯಲು ಅವನಿಗೂ ನಾಚಿಕೆಯಾಗಲಿ ಅಂತ.
ಎಪ್ಪತ್ತೆಂಟು ವರ್ಷ, ನಾಚಿಕೊಂಡೇ ಇದ್ದಾನೆ ಯಮ.

ರಣಹದ್ದುಗಳು ಏನಾದವು ಜವರಪ್ಪ?
‘ಬರೋದ್ ಬುಟ್ವು.’
ಎತ್ತಿನ ಗಾಣ?
‘ಬಿಚ್ಚಿಟ್ಟವ್ರೆ. ಕೊಟ್ಗೇಲಿ ಅದೆ.’
ಪಟ್ಟಾಪಟ್ಟಿ ಕಬ್ಬು?
‘ನಮ್ಮೋರ್ ಯಾರೂ ಹಾಕ್ತಿಲ್ಲ. ಆಚೆ ಸೀಮೇಲಿ ಇದ್ದೀತು.’
ಆರಿಹೋದವು ಅನ್ನಬಹುದಾ?
ಬೆಲ್ಲ ಬೇಡವೆಂದ ಕೂಸನ್ನು ನೋಡುವ ಹಾಗೆ ನೋಡಿದ.
‘ಅವೇನ್ ಒದ್ದೆ ಆಗಿದ್ವಾ ತಾಯಿ?’

ಪುಸ್ತಕದಲ್ಲಿ ಬರೆದೆ: ಪ್ರಯೋಗ ಸಿಗಲಿಲ್ಲ.

ಅಂಗಳದ ಉದ್ದಕ್ಕೂ ರಚ್ಚು ಹರವಿತ್ತು.
ಒಬ್ಬ ಹುಡುಗ ತೋಳತುಂಬ ತಬ್ಬಿ ತಂದ.
ಜವರಪ್ಪ ಎರಡು ಬೆರಳಲ್ಲಿ ಹೊಸಕಿ ಹಿಂದಕ್ಕೆಸೆದ.
‘ಹಸೀದು ಕಲಾ, ಬರೀ ಹೊಗೆ.
ಆರಿರೋದ್ ತಕಬಾ. ಆರಿದ್ರೇನೆ ಉರಿಯೋದು.’

ಕೊಪ್ಪರಿಗೆ ಕುದಿಯುತ್ತಿತ್ತು. ನೊರೆ ಅಂಚಿಗೆ ಬಂದು
ಇಣುಕಿ, ಮತ್ತೆ ಒಳಗೆ ಹೋಗುತ್ತಿತ್ತು.
ಅವನ ಮಾತನ್ನು ಎರಡನೆಯ ಅರ್ಥದ ಕೆಳಗೆ ಬರೆದುಕೊಂಡೆ,
ಅಲ್ಲೇ ಅದರ ಜಾಗ.
ಆದರೆ ಕಣ್ಣು ಒಂದನೆಯದಕ್ಕೆ ಹೋಯಿತು.
ಬೆಂಕಿ ಹೋದದ್ದಕ್ಕೂ ಅದೇ ಮಾತು,
ಬೆಂಕಿಗೆ ಒದಗಿದ್ದಕ್ಕೂ ಅದೇ.
ನಡುವೆ ಗೆರೆ ಎಳೆಯಲು ಹೋಗಿ
ಪೆನ್ಸಿಲ್ ಮುಳ್ಳು ಮುರಿಯಿತು.

ಹೊತ್ತು ಮುಳುಗಿ, ಕಡೆಯ ಅಡಿಗೆ ಇಳಿಸಿ
ಒಲೆಬಾಯಿಗೆ ತಗಡು ಸರಿಸಿದ.
ಆರಿಸ್ತಿದ್ದೀಯಾ? ಅಂದೆ, ಆಸೆಯಿಂದ.
‘ಅಂಗನ್ಬ್ಯಾಡ. ಮನಗುಸ್ತಾವ್ನಿ.’

ಸೋಮವಾರ ಮೇಷ್ಟ್ರು ಕೆಂಪು ಶಾಯಿಯಲ್ಲಿ
ಐದನೆಯದರ ಮೇಲೆ ಗೆರೆ ಹೊಡೆದರು. ಸಿಟ್ಟಿಲ್ಲ, ದುಃಖವೂ ಇಲ್ಲ.
‘ಚೀಟಿ ಎಸೀಬೇಡ, ಹಿಂದೆ ಬಿಳಿ ಇದೆ,
ಆಲಕ್ಕೆ ಬಂದೀತು.’
ತಿರುಗಿಸಿ ಬರೆದೆ: ಆಲ. ನಾ. ಒಂದು ಬಗೆಯ ದೊಡ್ಡ ಮರ.
ಬಿಸಿಲಿಗೆ ಹಿಡಿದರೆ ಪೆನ್ಸಿಲಿನ ಅಕ್ಷರ
ಹಿಂದಿನಿಂದ, ಕನ್ನಡಿಯ ಬರಹದಂತೆ ಕಾಣುತ್ತಿತ್ತು.

ಸೀರೆಗೆ ಬೆಲ್ಲದ ಹೊಗೆ ಅಂಟಿತ್ತು.
ಎರಡು ಸಲ ಒಗೆದು ಹಗ್ಗಕ್ಕೆ ಹಾಕಿದೆ.
ಹಗ್ಗ ಮನೆಯೊಡತಿ ರಾಜಮ್ಮಣ್ಣಿಯವರದು, ಮಧ್ಯಾಹ್ನದ ಸರದಿಯೂ ಅವರದು.
ಮೆಟ್ಟಿಲ ಕೆಳಗಿಂದ ಕೂಗಿದರು:
‘ನಿನ್ನ ಸೀರೆ ಆರಿತೇನೇ?’

ಮುಟ್ಟಿ ನೋಡಿದೆ. ಸೆರಗಿನ ಅಂಚು ತಣ್ಣಗಿತ್ತು.
ಇನ್ನೂ ಇಲ್ಲ, ಅಂದೆ.