ಒಳಗೆ ಇನ್ನೂ ಒಬ್ಬರು

ಎರಡನೇ ಶನಿವಾರ, ರಾತ್ರಿ ಹನ್ನೊಂದು.
ಬೈತಖೋಲದ ಸೊಸೈಟಿ ಕಚೇರಿಯ ಹಿಂದಿನ ಕೋಣೆ.
ಮೊದಲು ಇಲ್ಲಿ ಬಲೆ ಇಡುತ್ತಿದ್ದರಂತೆ.
ಈಗಲೂ ಎ.ಸಿ. ಹಾಕಿದ ಮೊದಲ ಐದು ನಿಮಿಷ
ಒಣಸೀಗಡಿಯ ವಾಸನೆ ಏಳುತ್ತದೆ,
ಗೋಡೆಗೆ ಏನೋ ನೆನಪಾದ ಹಾಗೆ.

ಸಂಜೆಯೇ ಎಲ್ಲರಿಗೂ ತಿಳಿಸಿದ್ದೆ,
ಕನ್ನಡದಲ್ಲೊಮ್ಮೆ, ಕೊಂಕಣಿಯಲ್ಲೊಮ್ಮೆ:
ಹನ್ನೊಂದರಿಂದ ನಾಲ್ಕರವರೆಗೆ ಸರ್ವರ್ ಬಂದ್.
ಡೀಸೆಲ್ ಟೋಕನ್, ಐಸಿನ ಲೆಕ್ಕ, ಹರಾಜಿನ ದರ,
ಏನಿದ್ದರೂ ಮೊದಲೇ ಮುಗಿಸಿಕೊಳ್ಳಿ.
ಮುದಗಾದ ವಿಠೋಬಾ ತಾಂಡೇಲರು ಫೋನಿನಲ್ಲಿ ನಕ್ಕರು.
‘ನಮಗೆ ಮಳೆಗಾಲದಲ್ಲಿ ಎರಡು ತಿಂಗಳು ಬಂದಿ.
ನಿಮಗೆ ಐದೇ ತಾಸೋ?
ಅಷ್ಟರಲ್ಲಿ ಯಾವ ಮೀನು ಮೊಟ್ಟೆ ಇಡ್ತದೆ
ನಿಮ್ಮ ಡಬ್ಬಿಯೊಳಗೆ?’
ನಾನೂ ನಕ್ಕೆ. ಉತ್ತರ ಹೊಳೆಯಲಿಲ್ಲ.

ಬಾಗಿಲು ಮುಚ್ಚುವುದಕ್ಕೂ ಒಂದು ಕ್ರಮವುಂಟು.
ಮೊದಲು ಹೊಸದಾಗಿ ಬರುವವರನ್ನು ತಡೆಯಬೇಕು.
ಒಳಗಿದ್ದವರನ್ನು ಮಾತ್ರ
ಎಲೆಯ ಮುಂದಿನಿಂದ ಎಬ್ಬಿಸಬಾರದು;
ಉಂಡು, ಕೈ ತೊಳೆದು, ಅವರಾಗಿ ಹೋಗಲಿ.
ಪರದೆಯ ಮೇಲೆ ಒಂದೊಂದೇ ಹೆಸರು ಆರಿತು.
ಮಾಜಾಳಿ ಹೋಯಿತು.
ಬೇಲೆಕೇರಿಯ ಎರಡೂ ಹೋದವು.
ಚೆಂಡಿಯಾದ ಐಸ್ ಪ್ಲಾಂಟು ಹೋಗಿ,
ಏನೋ ಮರೆತು ತಿರುಗಿ ಬಂದು,
ಹೊರಗೇ ನಿಂತು ಮೂರು ಸಲ ಪಾಸ್‌ವರ್ಡ್ ಕುಟ್ಟಿ
ಸುಮ್ಮನಾಯಿತು.
ಹನ್ನೊಂದೂ ಇಪ್ಪತ್ತಕ್ಕೆ ಉಳಿದದ್ದು ಒಂದು:
ತದಡಿ, ನಾಲ್ಕನೇ ಯಂತ್ರ. ನಾಗವೇಣಿ ಅಂಬಿಗ.

ದೂಡುವ ಅಧಿಕಾರ ನನಗುಂಟು. ಒಂದು ಸಾಲು ಸಾಕು.
ಹೆಚ್ಚಿನ ಸಲ ಹೀಗೆ ಉಳಿದವರು
ಲೈಟು ಆರಿಸದೆ ಮನೆಗೆ ಹೋದವರೇ.
ಸಾಲು ಬರೆದೆ. ಬೆರಳು ಇಟ್ಟೆ.
ಅವಳು ಸುಮ್ಮನಿದ್ದ ಸೆಕೆಂಡುಗಳನ್ನು ಯಂತ್ರ ಎಣಿಸುತ್ತಿತ್ತು,
ಮೂವತ್ತೆಂಟು, ಮೂವತ್ತೊಂಬತ್ತು,
ಸೊನ್ನೆ.
ಹನ್ನೆರಡು, ಹದಿಮೂರು,
ಸೊನ್ನೆ.
ಯಾರೋ ಅಲ್ಲಿ ಒಂದೇ ಬೆರಳಲ್ಲಿ ಬದುಕಿದ್ದರು.

ಫೋನು ಮಾಡಿದೆ.
‘ಬಾಗ್ಲು ಹಾಕ್ಬೇಡಿ ಅಕ್ಕಾ. ಬೋಟು ಮೂರಕ್ಕೆ ಬಿಡ್ತದೆ.
ಇಪ್ಪತ್ತೇಳು ಜನ, ಎಲ್ಲಾ ಹೊಸಬರು, ಸಂಜೆ ರೈಲಿಗೆ ಬಂದವರು.
ಹೆಸರು ಏರದೇ ಹೋದ್ರೆ ವಿಮೆ ಇಲ್ಲ.
ಇವ್ರ ಹೆಸ್ರು ಬರೂಕೆ ನಂಗೆ ಬರೂದಿಲ್ಲ.’
ಅವಳ ಹಿಂದೆ ಗಂಡಸರ ಸದ್ದು, ಎಂಜಿನ್ನಿನ ಸದ್ದು.
‘ಇನ್ನೊಂದ್ಸಲ ಹೇಳು’ ಅಂದಳು ಯಾರಿಗೋ.
‘ಬೀರಸಿಂಗ್ ಹೆಂಬ್ರಂ.’
‘ಏನು?’
ಕಿವುಡರಿಗೆ ಹೇಳುವ ಹಾಗೆ
ಅವನು ತನ್ನ ಹೆಸರನ್ನು ತುಂಡು ತುಂಡು ಮಾಡಿ ಕೂಗಿದ.
ಕಾರವಾರದವರೆಗೆ ಕೇಳಿತು.
ನಾನು ಒಂದೊಂದೇ ಅಕ್ಷರ ಹೇಳಿಕೊಟ್ಟೆ.
ನನಗೂ ಖಾತ್ರಿಯಿರಲಿಲ್ಲ.

ಸುಕ್ರಾ ಓರಾಂವ್. ದುಖಿಶ್ಯಾಂ ಬೆಹರಾ.
ಇಬ್ಬರು ಮಂಗಲ್, ಅಪ್ಪಂದಿರ ಹೆಸರೂ ಒಂದೇ,
ಊರು ಕೇಳಿ ಬೇರೆ ಮಾಡಿದೆವು.
ಇಪ್ಪತ್ತೇಳನೆಯವನು ಬಲೆಯ ಮೇಲೆ ಮಲಗಿದ್ದ.
ಎಬ್ಬಿಸಲು ಒಬ್ಬ ಓಡಿದ.
ನಾನು ಕಾದೆ.
ನಿಯಮದ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.
‘ವಿಳಂಬದ ಕಾರಣ’ ಅಂತ ಒಂದಿದೆ.
ಅಲ್ಲಿ ‘ನಿದ್ದೆ’ ಎಂದು ಬರೆದು, ಹೊಡೆದು ಹಾಕಿ,
‘ತಾಂತ್ರಿಕ’ ಎಂದು ಬರೆದೆ.

ಹನ್ನೆರಡೂ ನಲವತ್ತಕ್ಕೆ ತದಡಿ ಆರಿತು.

ಆಮೇಲೆ ಒಳಗೆ ನಾನೊಬ್ಬಳೇ.
ದೊಡ್ಡ ಮನೆ, ಸೆರಗು ಸಿಕ್ಕಿಸಿ ಗುಡಿಸುವ ಹೊತ್ತು.
ಹಳೇ ಕಸ ತೆಗೆದೆ, ಸಡಿಲಾದದ್ದನ್ನು ಬಿಗಿದೆ,
ಎಲ್ಲದರದ್ದೂ ಒಂದು ನಕಲು ಎತ್ತಿಟ್ಟೆ.
ನಕಲು ಮುಗಿದಾಗ ಯಂತ್ರ ಹೇಳಿತು:
ಕೊನೆಯ ತಾಸಿನಲ್ಲಿ ಹೊಸ ಸಾಲು, ಇಪ್ಪತ್ತೇಳು.
ಯಾವ ಮಾತೂ ಸೇರಿಸಲಿಲ್ಲ, ಅದರ ಸ್ವಭಾವ ಹಾಗೆ.
ಆ ಹೊತ್ತಿಗೆ ಬೋಟು
ಅಳಿವೆ ದಾಟಿರಬೇಕು.

ನಾಲ್ಕಕ್ಕೆ ಬಾಗಿಲು ತೆಗೆದೆ.
ಬಂದರಿನ ಕಡೆ ಮೊದಲ ಕಾಗೆ.
ನಾಲ್ಕೂ ಒಂದಕ್ಕೆ ಚೆಂಡಿಯಾದ ಐಸ್ ಪ್ಲಾಂಟು
ಹೊಸ್ತಿಲಲ್ಲೇ ಇತ್ತು, ರಾತ್ರಿಯಿಡೀ ಕೂತಿದ್ದಂತೆ.
ಮತ್ತೆ ತಪ್ಪು ಪಾಸ್‌ವರ್ಡ್.